‘ನನಗೆ ರಕ್ಷಣೆ ಇದೆಯಾ ಪಾಸ್ಟರ್?’ ಎಂದು ಕೇಳುವವರಿಗೆ ಉತ್ತರ ಕೊಡಿ: ನಮ್ಮ ಸಭಾಪಾಲಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಸಭಾಪಾಲಕರಿಗೆ, ಕನ್ವೆನ್ಷನ್ ಬೋಧಕರಿಗೆ, ಮನೆ ಕೂಟ ನಡೆಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ,

ಕರ್ತನಲ್ಲಿ ವಂದನೆಗಳು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಜೀವನವೆಲ್ಲ ಯೇಸು ಸ್ವಾಮಿಯನ್ನು ನಂಬಿ ಬದುಕಿದವರು ನಮ್ಮ ಸಭೆಗಳಲ್ಲಿ ಕೊನೆಗೆ ಹೆದರಿಕೊಂಡು ಸಾಯುತ್ತಿದ್ದಾರೆ. ಸಾಯುವಾಗಿನ ನೋವಿಗೆ ಹೆದರುವುದು ಬೇರೆ, ಅದು ಯಾರಿಗಾದರೂ ಇರುತ್ತದೆ. ಇವರಿಗೆ ಇರುವ ಹೆದರಿಕೆ, ದೇವರು ನನ್ನನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ, ಅಂದರೆ ಪಾಪಕ್ಷಮೆ ಸಿಕ್ಕಿ ನಿತ್ಯಜೀವ ಹೊಂದುವ ರಕ್ಷಣೆ ನನಗೆ ಇದೆಯೋ ಇಲ್ಲವೋ ಅಂತ. ಇದನ್ನು ಅವರ ಮನಸ್ಸಿಗೆ ಹಾಕಿದ್ದು ನಮ್ಮ ವೇದಿಕೆಗಳು. ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದರೆ "ನೀವು ಹೇಳೋದು ಸರಿ ಟೀಚರ್, ಆದರೂ ಜನಕ್ಕೆ ಸ್ವಲ್ಪ ಭಯ ಇರಬೇಕಲ್ವಾ" ಎಂದು ಮಾತು ಮುಗಿಸಿಬಿಡುತ್ತಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಒಂದು ಸಭೆಯ ಸಂಡೇ ಸ್ಕೂಲ್ ಟೀಚರ್. ಥಿಯಾಲಜಿ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಸತ್ಯವೇದ ಓದುತ್ತೇನೆ, ಸಭೆಯ ಚರಿತ್ರೆ ಸಿಕ್ಕಿದಷ್ಟು ಓದುತ್ತೇನೆ, ಜನರ ಮನೆಗೆ ಹೋಗಿ ಬರುತ್ತೇನೆ.

ನಮ್ಮ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಐದನೇ ತರಗತಿ. ಒಂದು ಸಂಜೆ ಶಾಲೆಯಿಂದ ಮನೆಗೆ ಬಂದರೆ ಬಾಗಿಲು ತೆಗೆದೇ ಇದೆ, ಟಿವಿ ಓಡುತ್ತಿದೆ, ಒಲೆ ಮೇಲಿನ ಕುಕ್ಕರ್ ಇನ್ನೂ ಬಿಸಿಯಾಗಿದೆ, ಅಮ್ಮ ಮಾತ್ರ ಇಲ್ಲ. ಅಮ್ಮ ಪಕ್ಕದ ಮನೆಗೆ ಕರಿಬೇವು ಕೇಳೋದಕ್ಕೆ ಹೋಗಿದ್ದರು, ಅಷ್ಟೇ. ವಾಪಸ್ ಬಂದು ನೋಡಿದರೆ ಮಗು ಯೂನಿಫಾರ್ಮ್ ಕೂಡ ಬಿಚ್ಚದೆ, ಬೆನ್ನಿನ ಬ್ಯಾಗ್ ಕೂಡ ಇಳಿಸದೆ, ಬಾಗಿಲ ಹಿಂದೆ ಕೂತು ನಡುಗುತ್ತಿದೆ. ಕರ್ತನ ಬರೋಣ, ಅಂದರೆ ಯೇಸು ಸ್ವಾಮಿ ತಿರುಗಿ ಬಂದು ತಮ್ಮವರನ್ನು ಕರೆದುಕೊಂಡು ಹೋಗುವುದು, ಆಗಿಹೋಯಿತು, ಅಮ್ಮನನ್ನು ಎತ್ತಿಕೊಂಡು ಹೋದರು, ನನ್ನನ್ನು ಬಿಟ್ಟು ಹೋದರು ಅಂತ. ಹಿಂದಿನ ವಾರ ಮಕ್ಕಳ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು ಸುಳ್ಳು ಹೇಳುವ ಮಕ್ಕಳು ಇಲ್ಲೇ ಉಳಿದುಬಿಡುತ್ತಾರೆ ಎಂದು ಹೇಳಿ ಹೋಗಿದ್ದರು. ಅವಳು ಅವತ್ತು ಬೆಳಗ್ಗೆ ಹೋಂವರ್ಕ್ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದಳು.

ಮಕ್ಕಳನ್ನು ಅಪ್ಪಿಕೊಂಡು, ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿದ ಯೇಸು ಸ್ವಾಮಿಯ ಹೆಸರಿನಲ್ಲಿ ನಾವು ಒಂದು ಮಗುವಿಗೆ ಕಲಿಸಿದ್ದು ಇದು.

ದೊಡ್ಡವರ ಕಥೆಯೂ ಬೇರೆ ಇಲ್ಲ. ಕುಡಿತ ಬಿಟ್ಟು ನಂಬಿಕೆಗೆ ಬಂದ ಒಬ್ಬ ಅಣ್ಣ ಊರಿನ ಮದುವೆಯಲ್ಲಿ ಮತ್ತೆ ಒಂದು ದಿನ ಕುಡಿದುಬಿಟ್ಟ. ಭಾನುವಾರ ಅಳುತ್ತಾ ಸಭೆಗೆ ಬಂದರೆ, ನಿನ್ನ ರಕ್ಷಣೆ ಹೋಯಿತು, ಮೊದಲಿನಿಂದ ಶುರು ಮಾಡು ಎಂದರು. ಕಾಯಿಲೆ ವಾಸಿಯಾಗದ ಅಕ್ಕನಿಗೆ ನಿನ್ನ ನಂಬಿಕೆ ಸಾಲದು ಎಂದರು. ಅನ್ಯಭಾಷೆ (ಪ್ರಾರ್ಥನೆಯಲ್ಲಿ ಆತ್ಮದ ಪ್ರೇರಣೆಯಿಂದ ಬರುವ, ಕಲಿಯದ ಭಾಷೆ) ಬರಲಿಲ್ಲ ಅಂದರೆ ಪವಿತ್ರಾತ್ಮ ಇಲ್ಲ, ಪವಿತ್ರಾತ್ಮ ಇಲ್ಲ ಅಂದರೆ ದೇವರ ಮಗಳೇ ಅಲ್ಲ ಎನ್ನುವುದನ್ನೂ ನಾನೇ ಕಿವಿಯಾರೆ ಕೇಳಿದ್ದೇನೆ. ಶವಪೆಟ್ಟಿಗೆ ಕಡೆ ಬೆರಳು ತೋರಿಸಿ "ಈ ರಾತ್ರಿ ನೀನು ಸತ್ತರೆ ಎಲ್ಲಿಗೆ ಹೋಗುತ್ತೀಯ" ಎಂದು ಕೇಳುವುದಂತೂ ಮಣ್ಣು ಮಾಡುವ ದಿನದ ಪ್ರಸಂಗದಲ್ಲಿ ರೂಢಿಯೇ ಆಗಿಬಿಟ್ಟಿದೆ. ಸತ್ತವರ ಹೆಂಡತಿ ಮಕ್ಕಳು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದರು. ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್, ದಿಂಬಿನ ಕೆಳಗೆ ದಪ್ಪ ಅಕ್ಷರದ ಸತ್ಯವೇದ. ಭೇಟಿಗೆ ಬಂದ ಪಾಸ್ಟರ್ ಕೈ ಹಿಡಿದುಕೊಂಡು "ನನ್ನ ಹೆಸರು ಜೀವದ ಪುಸ್ತಕದಲ್ಲಿ ಇದೆಯಾ ಅಯ್ಯಾ" ಎಂದು ಕೇಳಿದರು, ರಕ್ಷಣೆ ಹೊಂದಿದವರ ಹೆಸರುಗಳು ದೇವರ ಹತ್ತಿರ ಇರುವ ಪುಸ್ತಕ ಅದು. ಅವರಿಗೆ ಬೇಕಿದ್ದದ್ದು ಒಂದೇ ಒಂದು ಮಾತು. ಆ ಪಾಸ್ಟರ್ ಒಳ್ಳೆಯವರೇ, ಬಡವರಿಗೆ ಕೈಯೆತ್ತಿ ಕೊಡುವವರೇ. ಆದರೂ "ನಂಬಿಕೆಯಲ್ಲಿ ಗಟ್ಟಿಯಾಗಿರಿ ಅಮ್ಮಾ, ಕೊನೆವರೆಗೂ ತಾಳಿಕೊಳ್ಳಬೇಕು, ಪ್ರಾರ್ಥನೆ ಮಾಡೋಣ" ಎಂದು ಕಣ್ಣು ಮುಚ್ಚಿಬಿಟ್ಟರು. ಅಜ್ಜಿ ಕಣ್ಣು ಮುಚ್ಚಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ಅವರ ಮುಖವನ್ನೇ ನೋಡುತ್ತಿದ್ದರು. ಉಸಿರು ಎಳೆದುಕೊಳ್ಳುವುದಕ್ಕೇ ಆಗದವರಿಗೆ ಗಟ್ಟಿಯಾಗಿರಿ ಎಂದರೆ ಏನು ಮಾಡಬೇಕು ಅವರು?

ಯಾಕೆ ‘ಇದೆ ಅಮ್ಮಾ’ ಅನ್ನಲಿಲ್ಲ? ಹಾಗೆ ಹೇಳಿದರೆ ದೇವರ ಜಾಗದಲ್ಲಿ ನಿಂತ ಹಾಗಾಗುತ್ತದೆ ಅಂತ ಭಯವೇ? ಈ ಭಯ ಅರ್ಥವಾಗುತ್ತದೆ. ಆದರೆ ಯೇಸು ಸ್ವಾಮಿ ಆಗಲೇ ಹೇಳಿರುವುದನ್ನು ನೀವು ಮತ್ತೆ ಹೇಳಿದರೆ ಅದು ದೇವರ ಜಾಗದಲ್ಲಿ ನಿಲ್ಲುವುದು ಹೇಗಾಗುತ್ತದೆ? ನನ್ನ ಹತ್ತಿರ ಬರುವವರನ್ನು ನಾನು ತಳ್ಳಿಬಿಡುವುದೇ ಇಲ್ಲ ಎಂದು ಯೋಹಾನನ ಸುವಾರ್ತೆ 6ರಲ್ಲಿದೆ. ಅವರನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಎಂದು 10ರಲ್ಲಿದೆ. ಅದೇ ಯೋಹಾನ ತನ್ನ ಮೊದಲನೆಯ ಪತ್ರಿಕೆಯ ಕೊನೆಯಲ್ಲಿ ಇದನ್ನೆಲ್ಲ ಯಾಕೆ ಬರೆದೆ ಎಂದು ತಾನೇ ಹೇಳುತ್ತಾನೆ: ದೇವರ ಮಗನ ಹೆಸರಿನಲ್ಲಿ ನಂಬಿಕೆ ಇಟ್ಟಿರುವ ನಿಮಗೆ ನಿತ್ಯಜೀವ ಉಂಟೆಂದು ನಿಮಗೆ ಗೊತ್ತಾಗಲಿ ಅಂತ. ನಿಮಗೆ ಗೊತ್ತಾಗಲಿ ಅಂತ ಬರೆದದ್ದನ್ನು ಗೊತ್ತಾಗದ ಹಾಗೆ ಪ್ರಸಂಗ ಮಾಡಬಾರದು, ಅಲ್ವಾ?

ಹೆದರಿಸುವ ವಚನಗಳೂ ಇವೆ, ಅವನ್ನು ನಾನು ಮುಚ್ಚಿಡುತ್ತಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ 6ನ್ನೇ ತೆಗೆದುಕೊಳ್ಳಿ. ಒಂದು ಸಾರಿ ಬೆಳಕು ಕಂಡವರು ಬಿದ್ದುಹೋದರೆ ಅವರನ್ನು ತಿರುಗಿ ತರುವುದು ಅಸಾಧ್ಯ ಎನ್ನುವ ಮಾತು. ಎಷ್ಟೋ ಕನ್ವೆನ್ಷನ್‌ಗಳಲ್ಲಿ 4ರಿಂದ 6ನೇ ವಚನದವರೆಗೆ ಗಂಟಲು ಹರಿಯುವ ಹಾಗೆ ಓದಿ, ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಇನ್ನು ಮೂರೇ ವಚನ ಓದಿದ್ದರೆ? 9ರಲ್ಲಿ ಬರೆದವನೇ ದನಿ ಬದಲಿಸುತ್ತಾನೆ. ಪ್ರಿಯರೇ, ನಾವು ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ, ರಕ್ಷಣೆಗೆ ಸೇರಿದ್ದನ್ನೇ ನಂಬಿದ್ದೇವೆ ಎನ್ನುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ ನಿರೀಕ್ಷೆಯನ್ನು ಪ್ರಾಣದ ಲಂಗರು ಎಂದು ಕರೆಯುತ್ತಾನೆ. ಎಚ್ಚರಿಕೆ ಕೊಟ್ಟವನು ಅಪ್ಪಿಕೊಳ್ಳುವುದನ್ನೂ ಮರೆತಿಲ್ಲ. ನೀವು ಎಚ್ಚರಿಕೆ ಮಾತ್ರ ತಂದು ಜನರ ಮುಂದೆ ಇಡುತ್ತಿದ್ದೀರಿ.

ಕ್ಷಮಿಸಲಾಗದ ಪಾಪದ ಮಾತೂ ಹಾಗೇ. ಮಾರ್ಕ 3ರಲ್ಲಿ ಯೇಸು ಸ್ವಾಮಿ ಅದನ್ನು ಯಾರಿಗೆ ಹೇಳಿದರು ನೋಡಿ. ಕಣ್ಣೆದುರು ದೇವರ ಕೆಲಸ ನಡೆಯುತ್ತಿದ್ದರೂ ಇದು ದೆವ್ವಗಳ ಒಡೆಯನ ಕೆಲಸ ಎಂದು ಊರೆಲ್ಲ ಸಾರುತ್ತಿದ್ದ ಶಾಸ್ತ್ರಿಗಳಿಗೆ. ‘ನಾನು ಆ ಪಾಪ ಮಾಡಿಬಿಟ್ಟೆನಾ’ ಎಂದು ರಾತ್ರಿ ನಿದ್ದೆಯಿಲ್ಲದೆ ಅಳುವ ಹುಡುಗಿಗೂ ಆ ಶಾಸ್ತ್ರಿಗಳಿಗೂ ಏನು ಸಂಬಂಧ? ಅವಳ ಅಳುವೇ ಅವಳ ಮನಸ್ಸು ಕಲ್ಲಾಗಿಲ್ಲ ಎಂದು ಹೇಳುತ್ತಿದೆ.

ಇನ್ನು ಮತ್ತಾಯ 7. ಕರ್ತನೇ ಕರ್ತನೇ ಎನ್ನುವವರೆಲ್ಲ ಪರಲೋಕ ರಾಜ್ಯಕ್ಕೆ ಸೇರುವುದಿಲ್ಲ ಎನ್ನುವ ಮಾತು. ಅಲ್ಲಿ ಹೊರಗೆ ನಿಂತವರು ಏನು ತೋರಿಸುತ್ತಿದ್ದಾರೆ ಗಮನಿಸಿ. ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು, ಮಹತ್ಕಾರ್ಯ ಮಾಡಿದೆವು ಎಂದು ತಮ್ಮ ಸೇವೆಯ ಲೆಕ್ಕ ಒಪ್ಪಿಸುತ್ತಿದ್ದಾರೆ. ‘ನಾನು ಪಾಪಿ, ನನ್ನನ್ನು ಕರುಣಿಸು’ ಎಂದು ಕೇಳಿದವನು ಅಲ್ಲಿ ಒಬ್ಬನೂ ಇಲ್ಲ. ಹಾಗೆ ಕೇಳಿದ ಸುಂಕದವನು ಲೂಕ 18ರಲ್ಲಿದ್ದಾನೆ, ನೀತಿವಂತನೆಂದು ನಿರ್ಣಯ ಹೊಂದಿ ಮನೆಗೆ ಹೋದ ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ಹೀಗಿರುವಾಗ, ವರಗಳನ್ನೂ ಸೂಚಕ ಕಾರ್ಯಗಳನ್ನೂ ರಕ್ಷಣೆಯ ಗುರುತಾಗಿ ಹಿಡಿಯಿರಿ ಎಂದು ಜನರಿಗೆ ಕಲಿಸುವುದು ನನಗೆ ತುಂಬಾ ಅಪಾಯವಾಗಿ ಕಾಣುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ವಿಷಯ ಲೂಕ 15ರಲ್ಲಿದೆ. ತಪ್ಪಿಹೋದ ಮಗ ಹಂದಿ ಮೇಯಿಸುತ್ತಾ ಕೂತಾಗ, ಅಪ್ಪನಿಗೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಾನೆ. ಪಾಪ ಮಾಡಿದೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯಾಳಿನಂತೆ ಇಟ್ಟುಕೋ. 19ನೇ ವಚನದಲ್ಲಿ ಇಷ್ಟೂ ಇದೆ. 21ನೇ ವಚನದಲ್ಲಿ ಅಪ್ಪನ ಮುಂದೆ ನಿಂತು ಹೇಳುವಾಗ ಆ ಕೊನೆಯ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ನಿಲುವಂಗಿ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ಮೆಡಿಸಿ ಎಂದು ಹೇಳಿ ಆಗಿದೆ. ಕೂಲಿಯಾಳಾಗಿ ಇರುತ್ತೇನೆ ಎನ್ನುವುದಕ್ಕೆ ಅಪ್ಪ ಅವಕಾಶವನ್ನೇ ಕೊಡಲಿಲ್ಲ. ನಾವು ಮಾತ್ರ ಮನೆಗೆ ಬಂದವರನ್ನು ಮತ್ತೆ ಅಂಗಳದಲ್ಲಿ ನಿಲ್ಲಿಸಿ ಸಾಯುವವರೆಗೂ ಪರೀಕ್ಷೆ ಮಾಡುತ್ತೇವೆ.

ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ ವಿಷಯ ನಿಮಗೆ ಗೊತ್ತೇ ಇದೆ. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನರಿಗಳಿಂದ ನಮ್ಮ ಎಷ್ಟೋ ಸಭೆಗಳು ಹುಟ್ಟಿವೆ. ವೆಸ್ಲಿ ಪಾದ್ರಿಯಾಗಿಯೇ ಅಮೆರಿಕಕ್ಕೆ ಹೊರಟಿದ್ದರು. 1736ರ ಜನವರಿಯಲ್ಲಿ ಸಮುದ್ರದ ನಡುವೆ ಬಿರುಗಾಳಿ ಎದ್ದಾಗ ಅವರೇ ಸಾವಿಗೆ ಹೆದರಿದರು, ಅದೇ ಹಡಗಿನಲ್ಲಿದ್ದ ಮೊರಾವಿಯನ್ ಎನ್ನುವ ಪ್ರೊಟೆಸ್ಟಂಟ್ ಪಂಗಡದ ಜರ್ಮನ್ ವಿಶ್ವಾಸಿಗಳು ಹೆಂಗಸರು ಮಕ್ಕಳ ಸಮೇತ ಶಾಂತವಾಗಿ ಹಾಡುತ್ತಿದ್ದರು. ಎರಡು ವರ್ಷ ಆದಮೇಲೆ, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸಭಾ ಸುಧಾರಕ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದಾಗ, ಕ್ರಿಸ್ತ ನನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆ ಎನ್ನುವ ಭರವಸೆ ಅವರಿಗೆ ಬಂತು. ಈ ಕಥೆ ಸಾಕ್ಷಿ ಕೂಟಗಳಲ್ಲಿ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. 1766ರಲ್ಲಿ, ಅಂದರೆ 28 ವರ್ಷ ಸಾವಿರಾರು ಜನರನ್ನು ಕ್ರಿಸ್ತನ ಹತ್ತಿರ ಕರೆತಂದ ಮೇಲೆ, ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ ನಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಲೇ ಇಲ್ಲ ಎಂದು ಬರೆದುಕೊಂಡರು. ಅಂಥವರಿಗೇ ಅಂಥ ದಿನ ಬಂತು. ಆದರೂ ಅವರು ಸುವಾರ್ತೆ ಸಾರುವುದನ್ನು ನಿಲ್ಲಿಸಲಿಲ್ಲ. ವಯಸ್ಸಾದ ಮೇಲೆ ಒಬ್ಬ ಕಿರಿಯ ಬೋಧಕರ ಜೊತೆ ಮಾತಾಡುತ್ತಾ, ಪಾಪಕ್ಷಮೆ ಆಗಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ದೇವರ ಕೋಪದ ಕೆಳಗೇ ಇದ್ದೀರಿ ಎಂದು ನಾನೂ ತಮ್ಮನೂ ಮೊದಮೊದಲು ಜನರಿಗೆ ಹೇಳುತ್ತಿದ್ದೆವು, ಅವರು ನಮ್ಮನ್ನು ಕಲ್ಲು ಹೊಡೆದು ಕೊಲ್ಲದೆ ಬಿಟ್ಟದ್ದೇ ಆಶ್ಚರ್ಯ ಎಂದರಂತೆ. ಇದನ್ನು ಓದಿದಾಗ ಆ ಮುದುಕನ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯಿತು.

ಯಾಕೆ ಇದನ್ನು ಹೇಳುತ್ತಿದ್ದೇನೆ ಅಂದರೆ, ಭರವಸೆ ಅನ್ನಿಸುವುದು ಬೇರೆ, ರಕ್ಷಣೆ ಇರುವುದು ಬೇರೆ. ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿಯುವಾಗ ಒಬ್ಬರು ಹಾಯಾಗಿ ಗೊರಕೆ ಹೊಡೆಯುತ್ತಿರುತ್ತಾರೆ, ಇನ್ನೊಬ್ಬರು ಪ್ರತಿ ತಿರುವಿಗೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಜೀವ ಕೈಯಲ್ಲಿ ಹಿಡಿದು ಕೂತಿರುತ್ತಾರೆ, ಬೆಳಗ್ಗೆ ಇಬ್ಬರೂ ಒಂದೇ ಸ್ಟ್ಯಾಂಡಿನಲ್ಲಿ ಇಳಿಯುತ್ತಾರೆ. ಹೆದರಿದವರನ್ನು ಡ್ರೈವರ್ ನಡುದಾರಿಯಲ್ಲಿ ಇಳಿಸಿಬಿಡುವುದಿಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಮಾರ್ಕ 9ರಲ್ಲಿ ಒಬ್ಬ ತಂದೆ ಕೂಗಿಕೊಂಡ. ಅರ್ಧ ನಂಬಿಕೆ ಸಾಲದು ಎಂದು ಯೇಸು ಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ, ಅವನ ಮಗನನ್ನು ವಾಸಿ ಮಾಡಿದರು.

ಇಂಗ್ಲಿಷ್ ಕವಿ ವಿಲಿಯಂ ಕೂಪರ್ ಅವರದ್ದು ಇನ್ನೂ ಕಷ್ಟದ ಬದುಕು. ಅವರು ಬರೆದ ಕೀರ್ತನೆಗಳನ್ನು ಇವತ್ತಿಗೂ ಲೋಕದ ಎಷ್ಟೋ ಸಭೆಗಳಲ್ಲಿ ಹಾಡುತ್ತಾರೆ. ಆದರೆ 1773ರಲ್ಲಿ ಅವರಿಗೆ ಮನಸ್ಸಿನ ಕಾಯಿಲೆ ಜೋರಾಯಿತು, ದೇವರು ನನ್ನನ್ನು ಕೈಬಿಟ್ಟರು ಎನ್ನುವ ಕನಸು ಬಿತ್ತು, ಅದಾದ ಮೇಲೆ ಆರಾಧನೆಗೆ ಹೋಗುವುದನ್ನೇ ಬಿಟ್ಟರು. 1800ರಲ್ಲಿ ಸಾಯುವವರೆಗೂ ತಾನು ನಾಶಕ್ಕೆ ಹೋಗುವವನು ಎಂದೇ ನಂಬಿದ್ದರು. ಅವರ ಸಭಾಪಾಲಕ ಜಾನ್ ನ್ಯೂಟನ್, ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆಗಿದ್ದವರು. ನ್ಯೂಟನ್ ಏನು ಮಾಡಿದರು? ಕೂಪರ್ ಅವರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಊರು ಬಿಟ್ಟು ಲಂಡನ್ನಿಗೆ ಹೋದ ಮೇಲೂ ಪತ್ರ ಬರೆಯುತ್ತಲೇ ಇದ್ದರು. ಕೂಪರ್ ದೇವರ ಮಕ್ಕಳಲ್ಲಿ ಒಬ್ಬರು ಎನ್ನುವುದರಲ್ಲಿ ನ್ಯೂಟನ್‌ಗೆ ಅನುಮಾನ ಬರಲಿಲ್ಲ. ಕೂಪರ್ ತನಗಾಗಿ ನಂಬಲಾರದೆ ಹೋದದ್ದನ್ನು ನ್ಯೂಟನ್ ಅವರ ಪರವಾಗಿ ಹಿಡಿದುಕೊಂಡರು. ನಮ್ಮ ಸಭೆಗಳಲ್ಲಿ ಖಿನ್ನತೆಯಿಂದ ನರಳುವವರು ಬೇಕಾದಷ್ಟು ಜನ ಇದ್ದಾರೆ, ಡಾಕ್ಟರ್ ಹತ್ತಿರ ಹೋಗಬೇಕಾದವರನ್ನು ನಾವು ಉಪವಾಸ ಪ್ರಾರ್ಥನೆಗೆ ಕಳಿಸಿ ಆಮೇಲೆ ನಂಬಿಕೆ ಕಡಿಮೆ ಎಂದು ಬೈಯುತ್ತೇವೆ. ಅಂಥವರಿಗೆ ಒಬ್ಬ ನ್ಯೂಟನ್ ಆಗಿ.

ಈಗ ನಿಮ್ಮ ಆಕ್ಷೇಪಣೆಗೆ ಬರುತ್ತೇನೆ. ರಕ್ಷಣೆ ಖಂಡಿತ ಎಂದುಬಿಟ್ಟರೆ ಜನ ಬೇಕಾಬಿಟ್ಟಿ ಬದುಕುತ್ತಾರೆ ಎನ್ನುತ್ತೀರಿ. ಇದೇ ಪ್ರಶ್ನೆಯನ್ನು ಪೌಲನಿಗೂ ಕೇಳಿದ್ದರು. ರೋಮಾಪುರದವರಿಗೆ ಬರೆದ ಪತ್ರಿಕೆ 6 ಶುರುವಾಗುವುದೇ ಅಲ್ಲಿಂದ. ಪೌಲ ಅದಕ್ಕೆ ಕೃಪೆಯನ್ನು ಕಡಿಮೆ ಮಾಡಿ ಭಯವನ್ನು ಜಾಸ್ತಿ ಮಾಡಲಿಲ್ಲ. ನೀವು ಕ್ರಿಸ್ತನ ಜೊತೆ ಸತ್ತು ಎದ್ದವರು, ಪಾಪದಲ್ಲಿ ಇನ್ನೂ ಬದುಕುವುದು ಹೇಗೆ ಎಂದು ಕೇಳಿದ. ಆಮೇಲೆ 8ನೇ ಅಧ್ಯಾಯಕ್ಕೆ ಹೋಗಿ, ಸಾವಾಗಲಿ ಜೀವವಾಗಲಿ ಯಾವುದೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಎಂದು ಇನ್ನೂ ಜೋರಾಗಿ ಹೇಳಿದ. ಮೂರು ಸಾರಿ ಯೇಸುವನ್ನು ಅರಿಯೆ ಎಂದ ಪೇತ್ರನನ್ನೇ ನೋಡಿ. ಸಮುದ್ರದ ದಡದಲ್ಲಿ ಅವನಿಗೆ ಸಿಕ್ಕಿದ್ದು ಕೆಂಡದ ಮೇಲೆ ಸುಟ್ಟ ಮೀನು, ರೊಟ್ಟಿ, ಮತ್ತು ನನ್ನ ಕುರಿಗಳನ್ನು ಮೇಯಿಸು ಎನ್ನುವ ಕೆಲಸ. ಅವನೇನು ಬೇಕಾಬಿಟ್ಟಿ ಬದುಕಿದನೇ? ನಾನು ಕಂಡ ಮಟ್ಟಿಗೆ ಭಯದಿಂದ ಬಂದವರು ಭಯ ಇಳಿದ ಮೇಲೆ ಹೋಗಿಬಿಡುತ್ತಾರೆ, ಅಥವಾ ಒಳಗೊಳಗೇ ಪಾಪ ಬಚ್ಚಿಡುವುದನ್ನು ಕಲಿಯುತ್ತಾರೆ. ಹೇಳಿಕೊಂಡರೆ ಹೊರಗೆ ಹಾಕುತ್ತಾರೆ ಅಂದರೆ ಯಾರು ಹೇಳಿಕೊಳ್ಳುತ್ತಾರೆ?

ಹಾಗಂತ ಅಗ್ಗದ ಭರವಸೆ ಮಾರುವವರನ್ನೂ ನಾನು ಒಪ್ಪುವುದಿಲ್ಲ. ಕೂಟದಲ್ಲಿ ಕೈ ಎತ್ತಿಸಿ, ಬೋಧಕರ ಹಿಂದೆ ನಾಲ್ಕು ಸಾಲು ಪ್ರಾರ್ಥನೆ ಹೇಳಿಸಿ, ಕಾರ್ಡಿನ ಮೇಲೆ ಸಹಿ ಹಾಕಿಸಿಕೊಂಡು, ಇನ್ನು ನಿಮ್ಮ ಸೀಟು ಗ್ಯಾರಂಟಿ ಎಂದು ಕಳಿಸಿಬಿಡುವುದೂ ತಪ್ಪೇ. ಮನೆಗೆ ಹೋಗಿ ಹೆಂಡತಿಯನ್ನು ಹೊಡೆಯುವವನಿಗೆ ಆ ಕಾರ್ಡು ಏನು ಭರವಸೆ ಕೊಡುತ್ತದೆ? ಯೋಹಾನ ಇದನ್ನು ಚೆನ್ನಾಗಿ ಹೇಳಿದ್ದಾನೆ. ಸಹೋದರರನ್ನು ಪ್ರೀತಿಸುವುದರಿಂದ ನಾವು ಮರಣದಿಂದ ಜೀವಕ್ಕೆ ದಾಟಿದ್ದೇವೆಂದು ಗೊತ್ತಾಗುತ್ತದೆ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು, ಎಲ್ಲವನ್ನೂ ಬಲ್ಲವರು ಎಂದೂ ಹೇಳುತ್ತಾನೆ. ಈ ಎರಡನ್ನೂ ಜೊತೆಗೇ ಕೊಡಿ, ಒಂದನ್ನು ಬಿಟ್ಟು ಒಂದನ್ನಲ್ಲ.

ಕಥೋಲಿಕ ಗುರುಗಳೂ ಈ ಪತ್ರ ಓದಬಹುದು. ಕೊನೆವರೆಗೂ ನಿಲ್ಲುತ್ತೇನೆ ಎಂದು ವಿಶೇಷ ಪ್ರಕಟನೆ ಇಲ್ಲದೆ ಪೂರ್ತಿ ಖಚಿತವಾಗಿ ಹೇಳಿಕೊಳ್ಳಬಾರದು ಎಂದು 1547ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಹೇಳಿತ್ತು. ತನ್ನ ಮೇಲೆ ತಾನೇ ಭರವಸೆ ಇಡುವ ಅಹಂಕಾರದ ಬಗ್ಗೆ ಆ ಎಚ್ಚರಿಕೆ ನನಗೂ ಬೇಕಾದದ್ದೇ. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಸೇರಿ ಸಹಿ ಹಾಕಿದ ಒಪ್ಪಂದದಲ್ಲಿ, ವಿಶ್ವಾಸಿಗಳು ದೇವರ ಕರುಣೆಯನ್ನೂ ವಾಗ್ದಾನಗಳನ್ನೂ ನೆಚ್ಚಿಕೊಳ್ಳಬಹುದು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದ್ದಾರೆ. ಮೆಥೊಡಿಸ್ಟರು 2006ರಲ್ಲಿ ಇದಕ್ಕೆ ಸೇರಿಕೊಂಡರು. ಸುಮಾರು 450 ವರ್ಷ ಜಗಳವಾಡಿದವರೇ ಒಪ್ಪಿದ ಮಾತನ್ನು ನಮ್ಮ ಊರಿನ ಮುದುಕಿಗೆ ಹೇಳೋದಕ್ಕೆ ನಾವು ಹಿಂದೆ ಮುಂದೆ ನೋಡುತ್ತಿದ್ದೇವೆ.

ಈಗ ನಾನು ಕೇಳುವುದು ಇಷ್ಟು. ಎಚ್ಚರಿಕೆಯ ವಚನ ಓದಿದರೆ ಅಧ್ಯಾಯ ಪೂರ್ತಿ ಓದಿ. ಮಕ್ಕಳ ಕೂಟಕ್ಕೆ ಯಾರನ್ನು ಕರೆಯುತ್ತೀರಿ, ಅವರು ಏನು ಹೇಳುತ್ತಾರೆ ಎಂದು ಮೊದಲೇ ಕೂತು ಕೇಳಿ. ಬಿದ್ದು ಎದ್ದು ಬಂದ ಅಣ್ಣನಿಗೆ ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗೋದಕ್ಕೆ ಜೊತೆಗೆ ಹೋಗಿ, ಭಾನುವಾರ ಅವನನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಕರ್ತನ ಭೋಜನದ ಆರಾಧನೆಯಲ್ಲಿ ಪಾಪ ಅರಿಕೆ ಆದಮೇಲೆ ಸಮಾಧಾನದ ವಾಕ್ಯಗಳಿವೆ: ಹೊರೆ ಹೊತ್ತವರೇ ನನ್ನ ಹತ್ತಿರ ಬನ್ನಿ ಎನ್ನುವುದು, ಪಾಪಿಗಳನ್ನು ರಕ್ಷಿಸೋದಕ್ಕೆ ಕ್ರಿಸ್ತ ಯೇಸು ಲೋಕಕ್ಕೆ ಬಂದನು ಎನ್ನುವುದು. ಟೈಮ್ ಆಯಿತು ಎಂದು ಪುಟ ತಿರುವುತ್ತಲೇ ಅವನ್ನು ಓಡಿಸಿಬಿಡುತ್ತೀರಿ. ಅರಿಕೆಯನ್ನು ಓದುವಷ್ಟೇ ನಿಧಾನವಾಗಿ ಅವನ್ನೂ ಓದಿ, ತಲೆ ಎತ್ತಿ ಜನರ ಮುಖ ನೋಡಿ ಓದಿ.

ಹಾಸಿಗೆ ಹಿಡಿದವರು ಕೇಳಿದರೆ ಅವರ ನಂಬಿಕೆಯ ತೂಕ ನೋಡೋದಕ್ಕೆ ಹೋಗಬೇಡಿ. ಶಿಲುಬೆಯ ಮೇಲಿದ್ದ ಕಳ್ಳನಿಗೆ ದೀಕ್ಷಾಸ್ನಾನ ಆಗಿರಲಿಲ್ಲ, ದಶಮಾಂಶ ಕೊಟ್ಟಿರಲಿಲ್ಲ, ಒಂದು ದಿನವೂ ಸಭೆಗೆ ಹೋಗಿರಲಿಲ್ಲ. ನನ್ನನ್ನು ನೆನಸಿಕೋ ಎಂದ, ಅಷ್ಟೇ. ಈ ಹೊತ್ತೇ ನನ್ನ ಜೊತೆ ಪರದೈಸಿನಲ್ಲಿರುವಿ ಎನ್ನುವ ಉತ್ತರ ಅವನಿಗೆ ಸಿಕ್ಕಿತು. ನಾಳೆ ನೋಡೋಣ ಎನ್ನಲಿಲ್ಲ, ತಾಳಿಕೋ ಎನ್ನಲಿಲ್ಲ. ಆ ಉತ್ತರವನ್ನೇ ಕೊಡಿ. ಹೌದು ಅಮ್ಮಾ, ನಿಮ್ಮನ್ನು ಕರೆದವರು ನಂಬಿಗಸ್ತರು, ಅವರು ನಿಮ್ಮನ್ನು ಬಿಡುವುದಿಲ್ಲ ಎಂದು ಬಾಯಿ ತುಂಬ ಹೇಳಿ, ಆಮೇಲೆ ಪ್ರಾರ್ಥನೆ ಮಾಡಿ.

ನಾನು ಬರೆದದ್ದರಲ್ಲಿ ವಾಕ್ಯಕ್ಕೆ ವಿರುದ್ಧವಾದದ್ದು ಇದ್ದರೆ ವಾಕ್ಯ ತೋರಿಸಿ ಹೇಳಿ, ಕೇಳುತ್ತೇನೆ. ಒಪ್ಪುವುದಾದರೆ ಈ ಭಾನುವಾರದಿಂದಲೇ ಶುರು ಮಾಡಿ, ನಿಮ್ಮ ಸಭೆಯಲ್ಲೂ ಕೇಳೋದಕ್ಕೆ ಧೈರ್ಯ ಸಾಲದೆ ಕೂತಿರುವವರು ಇದ್ದೇ ಇರುತ್ತಾರೆ.

ಇಂತಿ,
ನಿಮ್ಮ ಸಭೆಗಳ ಒಬ್ಬ ಸಂಡೇ ಸ್ಕೂಲ್ ಟೀಚರ್